ಕೊನೆಯ ಮನೆಯ ಬಾಗಿಲಿಗೆ ಹಿಡಿದ ಕ್ಯಾಮೆರಾ

ಆ ಮಳೆಗಾಲದಲ್ಲಿ ನಾನು ಬೀದಿಯಲ್ಲಿ ತೆಗೆದಿದ್ದ ಐದು ಮುಖಗಳನ್ನು ಒಂದರ ಹಿಂದೊಂದು ಫ್ಲೆಕ್ಸಿನ ಮೇಲೆ ನೋಡಿದೆ. ‘ಕಣ್ಣೀರಿನ ಶ್ರದ್ಧಾಂಜಲಿ’ ಎಂಬ ಕೆಂಪಕ್ಷರ, ಎರಡು ಬದಿಗೆ ದೀಪ, ಮೂಲೆಯಲ್ಲಿ ಹಾರುವ ಪಾರಿವಾಳ, ನಡುವೆ ನನ್ನ ಫೋಟೊ. ಮೊದಲನೆಯದನ್ನು ಊರಿಗಾಂ ರೈಲು ನಿಲ್ದಾಣದ ಹೊರಗೆ ಕಟ್ಟಿದ್ದರು. ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ಮುದುಕ. ತಲೆಯ ಸುತ್ತ ಕತ್ತರಿಸಿ ಹಿಂದೆ ನೀಲಿ ಆಕಾಶ ಕೂರಿಸಿದ್ದರೂ ಕಿವಿಯ ಪಕ್ಕದಲ್ಲಿ ಹಸಿರು ಬಾಗಿಲಿನ ಒಂದು ಚೂರು ಉಳಿದುಬಿಟ್ಟಿತ್ತು. ಆ ಬಾಗಿಲು ನನಗೆ ಗೊತ್ತು. ಅದರ ಮುಂದೆ ಅರ್ಧ ಗಂಟೆ ಕಾದು ನಿಂತಿದ್ದವಳು ನಾನು.

ಇದರಲ್ಲಿ ನಿಗೂಢವೇನೂ ಇರಲಿಲ್ಲ. ಬಂಗಾರಪೇಟೆಯ ಪಕ್ಕದ ನಮ್ಮ ಹಳ್ಳಿಯಿಂದ ವಾರಕ್ಕೆ ನಾಲ್ಕು ದಿನ ಬೆಳಗಿನ ರೈಲು ಹಿಡಿದು, ಊರಿಗಾಂನಲ್ಲಿ ಇಳಿದು, ನಂದಿದುರ್ಗದ ಲೈನುಗಳಲ್ಲಿ ಓಡಾಡಿ ಫೋಟೊ ತೆಗೆಯುತ್ತಿದ್ದೆ. ಲೈನು ಎಂದರೆ ಚಿನ್ನದ ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೆ ಕಟ್ಟಿಕೊಟ್ಟ ಸಾಲುಮನೆಗಳು. ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ಗಣಿ ಮುಚ್ಚಿದ ಮೇಲೂ ಅಲ್ಲಿ ಜನ ಪಾತ್ರೆ ತೊಳೆಯುತ್ತಾರೆ, ಜಗಳ ಆಡುತ್ತಾರೆ, ತಲೆ ಬಾಚಿಕೊಂಡು ಬೆಂಗಳೂರಿನ ರೈಲಿಗೆ ಓಡುತ್ತಾರೆ. ನನಗೆ ಬೇಕಿದ್ದದ್ದು ಅಷ್ಟೇ. ಫೋಟೊ ತೆಗೆದ ಪ್ರತಿಯೊಬ್ಬರಿಗೂ ಒಂದು ಪ್ರಿಂಟ್ ತಂದುಕೊಡುವುದು ನನ್ನ ಕ್ರಮ. ಯಾರಾದರೂ ತೀರಿಕೊಂಡಾಗ ಮನೆಯವರು ಆಧಾರ್ ಕಾರ್ಡಿನ ಫೋಟೊ ನೋಡುತ್ತಾರೆ, ಅದರಲ್ಲಿ ಸತ್ತವರು ಕಳ್ಳರ ಹಾಗೆ ಕಾಣುತ್ತಾರೆ. ನನ್ನ ಪ್ರಿಂಟಿನಲ್ಲಿ ಮನುಷ್ಯರ ಹಾಗೆ ಕಾಣುತ್ತಾರೆ. ಅದನ್ನೇ ಎತ್ತಿಕೊಂಡು ಫ್ಲೆಕ್ಸ್ ಅಂಗಡಿಗೆ ಹೋಗುತ್ತಾರೆ.

ಸರಳ ಕಾರಣ. ಆದರೆ ಲೈನಿನಲ್ಲಿ ಅದು ತಲೆಕೆಳಗಾಯಿತು. ಸತ್ತವರೆಲ್ಲ ನನ್ನ ಫೋಟೊದಲ್ಲಿದ್ದರು, ಆದ್ದರಿಂದ ನನ್ನ ಫೋಟೊದಲ್ಲಿದ್ದವರೆಲ್ಲ ಸಾಯುತ್ತಾರೆ.

ಬಂಗಾರಪೇಟೆ ನಿಲ್ದಾಣದ ಹತ್ತಿರ ನಾನು ಪ್ರಿಂಟ್ ಹಾಕಿಸುವುದೂ ಅದೇ ಫ್ಲೆಕ್ಸ್ ಅಂಗಡಿಯಲ್ಲಿ. ಅಂಗಡಿಯ ಅಣ್ಣನಿಗೆ ಇದೊಂದು ತಮಾಷೆ.

“ಬಾಮ್ಮಾ ಬಾ. ನೀನು ಫೋಟೊ, ನಾನು ಫ್ಲೆಕ್ಸು. ಕಂಪನಿ ಚೆನ್ನಾಗಿ ನಡೀತಾ ಐತೆ.”

“ಅಣ್ಣಾ, ಇದು ನಗೋ ವಿಷಯ ಅಲ್ಲ.”

“ನಾನೆಲ್ಲಿ ನಕ್ಕೆ? ಒಂದು ಮಾತು, ಆ ಕ್ಯಾಮ್ರಾ ಮಾತ್ರ ನನ್ ಕಡೆ ತಿರುಗಿಸ್ಬ್ಯಾಡ. ಇನ್ನೂ ಮಗಳ ಮದುವೆ ಮಾಡ್ಬೇಕು ನಾನು.”

ನಗುತ್ತಲೇ ಹೇಳಿದ. ಆದರೆ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟಾಗ ಲೆನ್ಸಿನ ಬಾಯಿ ಅವನ ಕಡೆಗಿತ್ತು. ಅವನು ಬೆರಳ ತುದಿಯಿಂದ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟ.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತು ಮಾತಾಡಿದವಳು ನಾನು. ಇಂಥದ್ದನ್ನು ಸುಮ್ಮನೆ ಬಿಡುವ ಜಾತಿಯಲ್ಲ. ಒಂದು ಭಾನುವಾರ ಲೈನಿನ ನೀರಿನ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆ ವಾದ ಮಂಡಿಸಿದೆ. ಒಂದು, ನಾನು ಫೋಟೊ ತೆಗೆಯುವುದು ಹೊರಗೆ ಕೂತವರನ್ನು. ಎರಡು, ದಿನವಿಡೀ ಹೊರಗೆ ಕೂರುವವರು ಯಾರು? ವಯಸ್ಸಾದವರು, ಗಣಿಯ ದೂಳು ಕುಡಿದು ಎದೆ ಕಟ್ಟಿದವರು. ಮೂರು, ಅಂಥವರು ಮಳೆಗಾಲದಲ್ಲಿ ಹೆಚ್ಚು ಸಾಯುತ್ತಾರೆ, ನಾನು ಇದ್ದರೂ ಇಲ್ಲದಿದ್ದರೂ. ಇನ್ನು ನಾನು ತೆಗೆದ ಮಿಕ್ಕವರೆಲ್ಲ ಬದುಕಿಯೇ ಇದ್ದಾರಲ್ಲ, ಅವರನ್ನು ಯಾಕೆ ಎಣಿಸುವುದಿಲ್ಲ?

ಎಲ್ಲರೂ ಗಮನವಿಟ್ಟು ಕೇಳಿದರು. ಒಬ್ಬಾಕೆ ತಲೆದೂಗಿದಳು.

“ಚೆನ್ನಾಗಿ ಮಾತಾಡ್ತೀಯ ಕಣಮ್ಮಣ್ಣಿ. ಲಾಯರು ಆಗ್ಬೋದಿತ್ತು ನೀನು. ಈಗ ಅದನ್ನ ಚೀಲದೊಳಕ್ಕೆ ಇಕ್ಕು.”

ಅಂದಿನಿಂದ ನಾನು ಬೀದಿ ತಿರುಗಿದ ಕೂಡಲೇ ಸೆರಗು ಮುಖದ ಮೇಲೆ ಬರುತ್ತಿತ್ತು. ತಾಯಂದಿರು ಕೂಸುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಒಂದು ಮುಖವೂ ಸಿಗದೆ ಎರಡು ವಾರ ಹೋಯಿತು. ಹಟಕ್ಕೆ ಬಿದ್ದು ಬೇರೆ ಕೆಲಸ ಶುರು ಮಾಡಿದೆ. ಜನ ಬೇಡ, ಬರೀ ಬೀದಿ. ನಲ್ಲಿಕಟ್ಟೆಯ ಮೇಲಿನ ಒಂದು ಸೀಳುಗಲ್ಲಿನ ಮೇಲೆ ನಿಂತು, ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅದೇ ಲೆನ್ಸಿನಲ್ಲಿ, ಅದೇ ಎತ್ತರದಿಂದ ಇಡೀ ಲೈನಿನ ಒಂದೇ ಫೋಟೊ. ಹತ್ತು ಬಾಗಿಲು, ಹಿಂದೆ ದೂರದಲ್ಲಿ ನೀರಿನ ಟ್ಯಾಂಕು, ಅದರಾಚೆ ಗಣಿಯ ಮಣ್ಣಿನ ಬೂದು ದಿಬ್ಬ. ಬೀದಿಯಲ್ಲಿ ಏನೇನು ಬದಲಾಗುತ್ತದೆ ಎಂದು ತೋರಿಸುವುದು ಉದ್ದೇಶ. ಒಣಹಾಕಿದ ಬಟ್ಟೆ, ಹೊಸ ಡಿಶ್ಶು, ಸತ್ತವರ ಖಾಲಿ ಕುರ್ಚಿ.

ಆರನೆಯ ಭಾನುವಾರದ ನಂತರ ಮನೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಆರೂ ಫೋಟೊಗಳನ್ನು ಅರೆಪಾರದರ್ಶಕ ಮಾಡಿ ಒಂದರ ಮೇಲೊಂದು ಕೂರಿಸಿದೆ. ಟ್ಯಾಂಕಿಗೆ ಟ್ಯಾಂಕು ಕೂತಿತು. ಕರೆಂಟು ಕಂಬಕ್ಕೆ ಕಂಬ ಕೂತಿತು. ಒಂಬತ್ತು ಬಾಗಿಲು ಸರಿಯಾಗಿ ಕೂತವು. ಹತ್ತನೆಯದು, ಲೈನಿನ ಕೊನೆಯ ಮನೆ, ಕೂರಲಿಲ್ಲ. ಅದರ ಚೌಕಟ್ಟು ಆರು ಸಲ ಬೇರೆಬೇರೆ ಗೆರೆಯಾಗಿ ಕಂಡಿತು, ನಡುಗುವ ಕೈಯಿಂದ ಬರೆದ ಹಾಗೆ.

ಮೊದಲು ನನ್ನನ್ನೇ ಅನುಮಾನಿಸಿದೆ. ಕೊನೆಯ ಮನೆ ಫೋಟೊದ ಅಂಚಿಗೆ ಬರುತ್ತದೆ. ಅಂಚಿನಲ್ಲಿ ಲೆನ್ಸು ಗೆರೆಗಳನ್ನು ಬಗ್ಗಿಸುತ್ತದೆ. ಆದರೆ ಬಗ್ಗಿಸುವುದಾದರೆ ಆರು ಸಲವೂ ಒಂದೇ ರೀತಿ ಬಗ್ಗಿಸಬೇಕು. ಮುಂದಿನ ಭಾನುವಾರ ಟ್ರೈಪಾಡ್ ಒಯ್ದೆ. ಕಾಲಿಟ್ಟ ಜಾಗಕ್ಕೆ ಬಣ್ಣದ ಗುರುತು ಹಾಕಿ ಕೊನೆಯ ಮನೆಯನ್ನೇ ನಡುವಿಗೆ ತಂದು ತೆಗೆದೆ. ಅದರ ಮುಂದಿನ ಭಾನುವಾರವೂ. ಎರಡರ ನಡುವೆ ಚೌಕಟ್ಟಿನ ತಲೆ ಕೂದಲೆಳೆಯಷ್ಟು ಹಿಂದಕ್ಕೆ ಸರಿದಿತ್ತು.

ಅದು ಹಾಲಿನಮ್ಮನ ಮನೆ. ಐವತ್ತೈದರ ಆಸುಪಾಸಿನ ಹೆಂಗಸು, ಬಂಗಾರಪೇಟೆ ಕಡೆಯ ರೈತರ ಮನೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ಎರಡು ಹಸು ಕಟ್ಟಿ ಲೈನಿಗೆಲ್ಲ ಹಾಲು ಹಾಕುತ್ತಿದ್ದಳು. ಅವಳ ಯಜಮಾನರು ಗಣಿಯೊಳಗೆ ಮರ ಕೊಟ್ಟು ಮೇಲಿನ ಬಂಡೆ ಹಿಡಿಯುವ ಕೆಲಸದಲ್ಲಿದ್ದವರು. ಈಗ ಬಾಗಿಲಿಂದ ನಲ್ಲಿಯವರೆಗೆ ನಡೆದರೂ ಎರಡು ಸಲ ನಿಂತು ಉಸಿರು ಹಿಡಿಯಬೇಕು. ಅವರ ಫೋಟೊ ನನ್ನಲ್ಲಿರಲಿಲ್ಲ. ಮೊದಲ ದಿನದಿಂದಲೂ ಹಾಲಿನಮ್ಮ ಅಡ್ಡ ನಿಂತಿದ್ದಳು.

ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲೇ ಒಪ್ಪಿಕೊಳ್ಳಬೇಕು. ಈ ಗೆರೆಗಳನ್ನು ನೋಡುವ ತಿಂಗಳ ಮೊದಲೇ ಹಾಲಿನಮ್ಮ ನಲ್ಲಿಯ ಹತ್ತಿರ ನನ್ನನ್ನು ತಡೆದಿದ್ದಳು.

“ನೀನು ನಮ್ಮ ಬೀದಿ ಫೋಟೊ ತೆಗೆಯೋಕೆ ಸುರು ಮಾಡ್ದಾಗಿಂದ ನಮ್ಮನೇಲಿ ಆಲು ಒಂದೇ ಕಡೆ ಉಕ್ತೈತೆ. ಯಾವ ಪಾತ್ರೆ ಇಕ್ಕಿದ್ರೂ ಗೋಡೆ ಕಡೆಗೇ ಚೆಲ್ತೈತೆ. ಇದೇನಮ್ಮಾ ನಿನ್ ದೃಷ್ಟಿ?”

ನಾನು ನಕ್ಕಿದ್ದೆ. “ಹಾಲಿಗೂ ನಾನು ಫೋಟೊ ತೆಗೀಬೇಕಿತ್ತಾ ಅಮ್ಮಾ?” ಎಂದೂ ಕೇಳಿದ್ದೆ. ಸುತ್ತ ಇದ್ದವರು ನಕ್ಕರು, ನಾನು ಗೆದ್ದೆ. ಅವಳು ಕೊಟ್ಟ ಕಾರಣ ಸುಳ್ಳು, ಕಂಡದ್ದು ನಿಜ. ಹಾಲು ಒಂದು ಕಡೆ ಉಕ್ಕುವುದೆಂದರೆ ಒಲೆ ಓರೆಯಾಗಿದೆ, ಒಲೆ ಓರೆ ಎಂದರೆ ನೆಲ ಓರೆ. ಕಾರಣದ ಜೊತೆ ಸಾಕ್ಷಿಯನ್ನೂ ಎತ್ತಿ ಎಸೆದಿದ್ದೆ.

ಟ್ರೈಪಾಡಿನ ಎರಡನೆಯ ಭಾನುವಾರದ ಮರುದಿನ, ಹಾಲಿನಮ್ಮ ಹಾಲು ಹಾಕಲು ಹೋದ ಹೊತ್ತು ನೋಡಿ ಕೊನೆಯ ಮನೆಗೆ ಹೋದೆ. ಒಂದು ದಾರಕ್ಕೆ ಬೋಲ್ಟು ಕಟ್ಟಿ ಹಿಂದಿನ ಗೋಡೆಯ ತಲೆಯಿಂದ ಇಳಿಬಿಟ್ಟೆ. ಮೇಲೆ ದಾರ ಗೋಡೆಗೆ ಅಂಟಿತ್ತು, ಕೆಳಗೆ ಎರಡು ಬೆರಳು ದೂರ ನಿಂತಿತು. ಬಚ್ಚಲಿನ ಮೂಲೆಯಿಂದ ಮಾಡಿನವರೆಗೆ ಒಂದು ಬಿರುಕು. ಯಜಮಾನರು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು.

“ತಾತಾ, ಈ ಬಿರುಕು ಎಷ್ಟು ದಿನದ್ದು?”

“ಬಿರುಕು ಅಳೇದೋ ಒಸದೋ ಅಂತ ಕೇಳ್ಬಾರ್ದು ಅಮ್ಮಣ್ಣಿ. ನಡೀತಾ ಐತಾ, ನಿಂತೈತಾ ಅಂತ ಕೇಳ್ಬೇಕು.” ಉಸಿರು ತೆಗೆದುಕೊಂಡರು. “ಕಂಪನಿ ಕಾಲ್ದಾಗೆ ಗಾಜಿನ ಪಟ್ಟಿ ಅಂಟಿಸ್ತಿದ್ರು. ಬಿರುಕಿನ ಮೇಲೆ ಅಡ್ಡಕ್ಕೆ. ಗೋಡೆ ಸುಮ್ನಿದ್ರೆ ಗಾಜು ಸುಮ್ನಿರ್ತೈತೆ.”

ಬಂಗಾರಪೇಟೆಯಲ್ಲಿ ಫೋಟೊ ಕಟ್ಟುವ ಅಂಗಡಿಯಿಂದ ಬೆರಳಗಲದ ಮೂರು ಗಾಜಿನ ಪಟ್ಟಿ ಕತ್ತರಿಸಿ ತಂದೆ. ಬಿರುಕಿನ ಮೇಲ್ತುದಿಗೆ, ನಡುವಿಗೆ, ಕೆಳತುದಿಗೆ ಅಡ್ಡಲಾಗಿಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿದೆ. ಪಕ್ಕದಲ್ಲಿ ಮಾರ್ಕರಿನಿಂದ ತಾರೀಖು ಬರೆದೆ. ಹಾಲಿನಮ್ಮ ಬಂದು ನೋಡಿ, ಇದೇನು ಮಾಟವೇ ಎಂದು ಕೂಗಿದಾಗ ಯಜಮಾನರೇ “ನಾನೇ ಆಕಿಸ್ದೆ, ಬಾಯ್ಮುಚ್ಚು” ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ನಲ್ಲಿಕಟ್ಟೆಯ ಮೇಲೆ ಕೂತಿದ್ದಾಗ ನೆಲದೊಳಗೆ ಗುಡುಗಿದ ಹಾಗಾಯಿತು. ಒಂದು ಕ್ಷಣ, ಅಷ್ಟೇ. ಖಾಲಿ ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಲೈನಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಗಣಿಯ ಪಂಪು ನಿಂತ ಮೇಲೆ ಒಳಗಿನ ಸುರಂಗಗಳಲ್ಲಿ ನೀರು ತುಂಬಿದೆ, ಆಗಾಗ ಹೀಗೆ ಆಗುತ್ತದೆ, ಅಭ್ಯಾಸವಾಗಿದೆ. ನಾನು ಎದ್ದು ಕೊನೆಯ ಮನೆಯ ಹಿಂದಕ್ಕೆ ಹೋದೆ. ಕೆಳಗಿನ ಗಾಜು ನಡುವೆ ನೇರವಾಗಿ ಮುರಿದಿತ್ತು. ಆ ವಾರ ಮುಗಿಯುವುದರೊಳಗೆ ಮೂರೂ ಮುರಿದವು.

ಫೋಟೊ, ದಾರದ ಅಳತೆ, ಗಾಜಿನ ಚೂರು ಎಲ್ಲ ಒಂದು ಫೈಲಿಗೆ ಹಾಕಿ ಗಣಿಯ ಮನೆಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದೆ. ಅಲ್ಲಿದ್ದವರು ಫೈಲನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಅಷ್ಟು ಮಾಡಿದ್ದೇ ದೊಡ್ಡದು.

“ಬಿದ್ದಿದೆಯೇನಮ್ಮಾ?”

“ಬಿದ್ದಿಲ್ಲ ಸಾರ್. ಬೀಳುತ್ತೆ.”

“ಬಿದ್ದ ಮೇಲೆ ಒಂದು ಫೋಟೊ ತಗೊಂಡು ಬನ್ನಿ. ಅರ್ಜಿಗೆ ಲಗತ್ತಿಸಬೇಕಾಗುತ್ತೆ.”

ಉಳಿದ ದಾರಿ ಒಂದೇ, ಹಾಲಿನಮ್ಮನನ್ನು ಒಪ್ಪಿಸುವುದು. ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದವಳ ಪಕ್ಕದಲ್ಲಿ ನಿಂತು ಒಂದು ಗಂಟೆ ಮಾತಾಡಿದೆ. ಫೋಟೊ ತೋರಿಸಿದೆ. ಗಾಜು ತೋರಿಸಿದೆ. ಹಾಲಿನ ಮಾತಿಗೆ ಕ್ಷಮೆ ಕೇಳಿದೆ, ಅದರ ಅರ್ಥ ವಿವರಿಸಿದೆ.

“ನೀನೇ ಅಂಟಿಸ್ದ ಗಾಜು ನೀನೇ ಮುರಿದಿರ್ತೀಯ.”

“ನಾನ್ಯಾಕೆ ಮುರೀಲಿ ಅಮ್ಮಾ? ನನಗೇನು ಲಾಭ?”

“ಅದು ನಿಂಗೇ ಗೊತ್ತು. ಕೇಳಿಲ್ಲಿ. ಈ ಮನೆ ನಮ್ಮೆಸರಿಗೆ ಆಗ್ಬೇಕು. ಸರ್ವೆಯೋರು ಬತ್ತಾರೆ ಅಂತ ಯೋಳ್ತಾ ಅವ್ರೆ. ಬಂದಾಗ ಬೀಗ ಇದ್ರೆ ಖಾಲಿ ಅಂತ ಬರ್ಕೊಂಡು ಓಯ್ತಾರೆ. ಮೂವತ್ತು ವರ್ಸ ಈ ಮನೇಲಿ ಇವರ ಕೆಮ್ಮು ಕೇಳಿದೀನಿ. ಬಿಟ್ಟು ಎಲ್ಲಿಗೋಗ್ಲಿ?”

“ನಿಮ್ಮ ತಂಗಿ ಮನೆ ಇದೆಯಲ್ಲ, ಬಂಗಾರಪೇಟೆ ಹತ್ರ. ಮಳೆ ಮುಗಿಯೋವರೆಗೆ…”

“ನಿನ್ ಬಿರುಕಿಗೆ ಎದರೋಳಲ್ಲ ನಾನು.” ಹುಲ್ಲಿನ ಕೈಯಿಂದಲೇ ನನ್ನ ಹೆಗಲ ಚೀಲ ತೋರಿಸಿದಳು. “ನಂಗೆ ಬಯ ಇರೋದು ಅದೊಂದಕ್ಕೇ.”

ವಾಪಸು ರೈಲಿನಲ್ಲಿ ಕಿಟಕಿ ಪಕ್ಕ ಕೂತು ಈ ಮಾತನ್ನೇ ತಿರುಗಿಸಿ ನೋಡಿದೆ. ನಾನು ಕೊಟ್ಟ ಸಾಕ್ಷಿಗೆ ಅವಳು ಹೆದರುವುದಿಲ್ಲ. ನಾನು ಅಲ್ಲಗಳೆದ ಸುಳ್ಳಿಗೆ ಹೆದರುತ್ತಾಳೆ. ಚರ್ಚೆಯಲ್ಲಿ ನನಗೆ ನಾನೇ ಹಾಕಿಕೊಂಡ ಒಂದು ನಿಯಮವಿತ್ತು. ನಾನು ನಂಬದ ವಾದವನ್ನು ಕೇಳುವವರು ನಂಬುತ್ತಾರೆ ಎಂಬ ಕಾರಣಕ್ಕೆ ಬಳಸುವುದಿಲ್ಲ. ಆ ನಿಯಮದಿಂದ ಎರಡು ಬಹುಮಾನ ಕಳೆದುಕೊಂಡಿದ್ದೆ, ಬೇಸರವೂ ಆಗಿರಲಿಲ್ಲ. ಈಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎರಡು ಜೀವ ಇದ್ದವು. ಮುಂದಿನ ನಿಲ್ದಾಣ ಕೋರಮಂಡಲ್ ದಾಟುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟೆ. ಇಷ್ಟು ಬೇಗ ಮಾಡಿದೆನಲ್ಲ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಕೊನೆಯ ಮನೆಯ ಬಾಗಿಲೆದುರು ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದೆ.

“ಅಮ್ಮಾ, ನೀವು ಈ ಮನೇಲಿ ಇರೋವರೆಗೂ ದಿನಾ ಬರ್ತೀನಿ. ತಾತನ ಫೋಟೊ ತೆಗೀತೀನಿ.”

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಹಾಲಿನ ಕ್ಯಾನು ತೊಳೆದ ನೀರನ್ನು ನನ್ನ ಮೇಲೆ ಎರಚಿದಳು. “ನಿನ್ ಕೈ ಸೇದೋಗ! ನನ್ ತಾಳಿ ಮೇಲೆ ಕಣ್ಣಾಕ್ತೀಯಾ ಮುಂಡೆ!” ನಾನು ಲೆನ್ಸು ಒರೆಸಿಕೊಂಡು ಮತ್ತೆ ಹಿಡಿದೆ. ಬಟನ್ ಒತ್ತಲಿಲ್ಲ. ಹಿಡಿದು ನಿಂತೆ, ಅಷ್ಟೇ. ಹತ್ತು ನಿಮಿಷಕ್ಕೆ ಲೈನೆಲ್ಲ ಹೊರಗೆ ಬಂದಿತ್ತು. ಯಾರೂ ನನ್ನ ಹತ್ತಿರ ಬರಲಿಲ್ಲ. ನಾನು ಸ್ವಲ್ಪ ತಿರುಗಿದರೆ ಆ ಕಡೆಯವರೆಲ್ಲ ಹಿಂದೆ ಸರಿಯುತ್ತಿದ್ದರು. ಅಷ್ಟು ದಿನ ನನ್ನ ಮಾತಿಗೆ ಇರದಿದ್ದ ಬಲ ನನ್ನ ಮೌನಕ್ಕೆ ಬಂದಿತ್ತು. ಅದು ಹಿಡಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಎರಡನೆಯ ದಿನ ಬಾಗಿಲು ಮುಚ್ಚಿತ್ತು, ಕಿಟಕಿಗೆ ಗೋಣಿ ಹೊದಿಸಿದ್ದರು. ಮುಚ್ಚಿದ ಬಾಗಿಲಿಗೆ ಕ್ಯಾಮೆರಾ ಹಿಡಿದು ಅರ್ಧ ಗಂಟೆ ನಿಂತೆ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಅವರನ್ನು ಆ ಬಿರುಕಿನ ಮನೆಯೊಳಗೇ ಇನ್ನಷ್ಟು ಭದ್ರವಾಗಿ ಕೂಡಿಹಾಕಿದ್ದೇನೆ ಎಂದು ಹೊಳೆದದ್ದು ಆಗ. ನನ್ನ ಉಪಾಯದ ಈ ತುದಿಯನ್ನು ನಾನು ಯೋಚಿಸಿಯೇ ಇರಲಿಲ್ಲ.

ಮೂರನೆಯ ದಿನ ಸಣ್ಣ ಮಳೆ. ಇಂದೇ ಕೊನೆ, ನಾಳೆ ಬರುವುದಿಲ್ಲ ಎಂದುಕೊಂಡೇ ಹೋಗಿದ್ದೆ. ಬಾಗಿಲು ತೆರೆಯಿತು. ಯಜಮಾನರು ಒಗೆದ ಬಿಳಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎಳೆದುಕೊಂಡು ಹೊರಗೆ ಬಂದರು. ಒಳಗಿನಿಂದ ಹಾಲಿನಮ್ಮ ಅವರ ಅಂಗಿ ಹಿಡಿದೆಳೆಯುತ್ತಿದ್ದಳು. ಅವರು ಕೈ ಬಿಡಿಸಿಕೊಂಡು ಕುರ್ಚಿಯಲ್ಲಿ ಕೂತರು. ನನ್ನನ್ನು ಬೆರಳಲ್ಲಿ ಹತ್ತಿರ ಕರೆದರು.

“ಮರ ಕೂಗ್ತಾ ಐತೆ,” ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. “ಮಾಡಿನ ತೊಲೆ. ಮೂರು ದಿನದಿಂದ. ಅವಳಿಗೆ ಯೋಳಿದ್ರೆ ಇಲಿ ಅಂತಾಳೆ. ನಾನು ಗಣಿ ಒಳಗೆ ಇಪ್ಪತ್ತು ವರ್ಸ ಅದೇ ಸದ್ದು ಕೇಳ್ಕೊಂಡು ಬದುಕ್ದೋನು. ನೀನು ತೆಗಿ.”

“ತಾತಾ, ನಾನು ಸುಮ್ನೆ ಹೆದರಿಸೋಕೆ…”

“ಗೊತ್ತು. ಅದಕ್ಕೇ ಯೋಳ್ತಿರೋದು. ಒತ್ತು. ಅವಳಿಗೆ ಸದ್ದು ಕೇಳಿಸ್ಬೇಕು.”

ಒತ್ತಿದೆ. ಹಾಲಿನಮ್ಮ ಕಿರುಚಿ ಹೊಸ್ತಿಲ ಮೇಲೆ ಕುಸಿದಳು. ನಾನು ಬೀದಿಯಲ್ಲಿ ತೆಗೆದ ಫೋಟೊಗಳಲ್ಲಿ ಎದುರಿಗಿದ್ದವರು ಹೇಳಿ ತೆಗೆಸಿದ್ದು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಒಂದು ಲಗೇಜ್ ಆಟೊ ಬಂತು. ಪಾತ್ರೆ, ಹಾಸಿಗೆ, ಟಿವಿ, ಆಮೇಲೆ ಯಜಮಾನರು. ಹಸುಗಳನ್ನು ಯಾರೋ ರಸ್ತೆಯಲ್ಲಿ ನಡೆಸಿಕೊಂಡು ಹೋದರು. ಹಾಲಿನಮ್ಮ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿ ಆಟೊ ಹತ್ತಿದಳು. ನನ್ನ ಕಡೆ ತಿರುಗಲಿಲ್ಲ.

ಒಂಬತ್ತನೆಯ ದಿನ, ಮಳೆ ನಿಂತು ಬಿಸಿಲು ಬಂದಿದ್ದ ಬೆಳಿಗ್ಗೆ ಹತ್ತರ ಹೊತ್ತಿಗೆ, ನಾನು ಫ್ಲೆಕ್ಸ್ ಅಂಗಡಿಯಲ್ಲಿದ್ದಾಗ ಫೋನು ಬಂತು. ಹೋಗಿ ನೋಡಿದಾಗ ಮನೆಯ ಹಿಂದಿನ ಅರ್ಧ ಇರಲಿಲ್ಲ. ಬಿದ್ದಿದೆ ಎನ್ನಲು ಅಲ್ಲಿ ಕಲ್ಲಿನ ರಾಶಿಯೂ ಇರಲಿಲ್ಲ. ಒಲೆ, ಬಚ್ಚಲು, ಗೋಡೆ ಎಲ್ಲ ಒಂದು ಬಾಯಿಯೊಳಗೆ ಇಳಿದುಹೋಗಿದ್ದವು. ಅಂಚಿಗೆ ಹೋಗದಂತೆ ಹಗ್ಗ ಕಟ್ಟಿದ್ದರು. ಬಹಳ ಕೆಳಗೆ ಎಲ್ಲೋ ಮಣ್ಣು ನೀರಿಗೆ ಬೀಳುವ ಸದ್ದು, ಬಿಟ್ಟು ಬಿಟ್ಟು, ಇನ್ನೂ ಕೇಳುತ್ತಿತ್ತು. ಮುಂಬಾಗಿಲು ಮಾತ್ರ ಬೀಗ ಸಮೇತ ಹಾಗೇ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ.

ಆ ಸಂಜೆಯೇ ಹಾಲಿನಮ್ಮನ ತಂಗಿಯ ಊರಿಗೆ ಹೋದೆ. ಏನೋ ನಿರೀಕ್ಷೆ ಇತ್ತು, ಮುಚ್ಚಿಡುವುದೇಕೆ. ಅವಳು ಜಗಲಿಯಲ್ಲಿ ನಿಂತೇ ಮಾತಾಡಿದಳು.

“ಒಳಕ್ಕೆ ಬರ್ಬ್ಯಾಡ. ನನ್ ಮನೆ ತಿಂದೆ, ನನ್ ಗಂಡನ್ನ ಬಿಟ್ಟೆ. ಅದಕ್ಕೇ ನಿನ್ ಮೇಲೆ ಕೈ ಎತ್ತಿಲ್ಲ.”

“ಅಮ್ಮಾ, ಗಾಜು ಮುರಿದಿತ್ತು. ಚೂರು ನೀವೇ ನೋಡಿದ್ರಿ. ನೆಲ ಮೊದಲೇ ಕುಸೀತಾ ಇತ್ತು, ನಿಮ್ಮ ಹಾಲು…”

“ಗಾಜು ಮುರಿದ ಮೇಲೂ ಮನೆ ನಿಂತೇ ಇತ್ತು, ಎರಡು ವಾರಕ್ಕೂ ಜಾಸ್ತಿ. ನೀನು ಫೋಟೊ ತೆಗೆದ ಒಂಬತ್ತು ದಿನಕ್ಕೆ ಬಿತ್ತು. ಓದಿರೋಳಲ್ವಾ? ನೀನೇ ಯೋಳು, ಯಾವುದು ಬೀಳಿಸ್ತು?”

ಒಳಗೆ ಯಜಮಾನರು ನಕ್ಕದ್ದು ಕೇಳಿಸಿತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವಳು ಒಳಗೆ ಓಡಿದಳು. ನನ್ನ ಹತ್ತಿರ ಉತ್ತರ ಇತ್ತು. ಯಾರಿಗೆ ಹೇಳಬೇಕೆಂದು ತಿಳಿಯದೆ ವಾಪಸು ಬಂದೆ.

ಮುಂದಿನ ವಾರ ಒಂಬತ್ತನೆಯ ಮನೆಯ ಗೋಡೆ ನೋಡಲು ಹೋದೆ. ಚೀಲದ ಜಿಪ್ಪು ತೆಗೆಯುವಷ್ಟರಲ್ಲಿ ಆ ಮನೆಯಾಕೆ ಕೈ ಮುಗಿದು, “ಬ್ಯಾಡ ತಾಯಿ, ಓಯ್ತೀವಿ, ಇವತ್ತೇ ಓಯ್ತೀವಿ” ಎಂದು ಪಾತ್ರೆ ಕಟ್ಟತೊಡಗಿದಳು. ಆ ಗೋಡೆ ನಿಜಕ್ಕೂ ಸರಿದಿದೆಯೋ ಇಲ್ಲವೋ ನನಗೇ ಇನ್ನೂ ಗೊತ್ತಿರಲಿಲ್ಲ. ಅಳೆಯುತ್ತೇನೆ ಎಂದರೂ ಅಳೆಯಲು ಬಿಡಲಿಲ್ಲ. ಹೇಗೂ ಅಪಾಯದ ಜಾಗ, ಹೋಗುವುದೇ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡೆ.

ಊರಿಗಾಂ ನಿಲ್ದಾಣದಲ್ಲಿ ಗುರುತಿಲ್ಲದ ಒಬ್ಬ ಮನುಷ್ಯ ನನಗೆ ಸಿಕ್ಕಿದ್ದು ಅದರ ಮರುದಿನ. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬೈಕು. ಬಹಳ ಮರ್ಯಾದೆಯಿಂದ ಮಾತಾಡಿಸಿದ.

“ಮೇಡಂ, ನಿಮ್ಮ ಬಗ್ಗೆ ಕೇಳಿದೀನಿ. ಒಂದು ಸಹಾಯ ಆಗಬೇಕಿತ್ತು. ಕೋರಮಂಡಲ್ ಕಡೆ ಒಂದು ಲೈನು, ಮೂರು ಮನೆ.”

“ಗೋಡೆ ಬಿರುಕು ಬಿಟ್ಟಿದೆಯಾ?”

“ಛೇ ಛೇ, ಗಟ್ಟಿ ಗೋಡೆ ಮೇಡಂ. ಕಲ್ಲಿದ್ದಂಗೆ. ಖಾಲಿ ಮಾಡಿ ಅಂದ್ರೆ ಮಾಡ್ತಿಲ್ಲ ಜನ. ನೀವೇನೂ ಮಾಡೋದು ಬ್ಯಾಡ. ಬೆಳಿಗ್ಗೆ ಒಂದರ್ಧ ಗಂಟೆ ಬಂದು ಎದುರಿಗೆ ನಿಂತ್ಕೊಂಡ್ರೆ ಸಾಕು.”

ಏನೇನು ಬೈದೆನೋ ನೆನಪಿಲ್ಲ, ಪ್ಲಾಟ್‌ಫಾರಮ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಕೋಪ ಮಾಡಿಕೊಳ್ಳಲಿಲ್ಲ.

“ಆಯ್ತು ಬಿಡಿ ಮೇಡಂ, ಟೆನ್ಶನ್ ಮಾಡ್ಕೋಬೇಡಿ. ನೀವೇ ಬರ್ಬೇಕು ಅಂತೇನಿಲ್ಲ. ಒಂದು ಕ್ಯಾಮ್ರಾ ತಾನೆ?”

ಯಾವ ಲೈನು ಎಂದು ಕೂಗಿ ಕೇಳಿದೆ. ಅವನು ಬೈಕು ತಿರುಗಿಸಿಕೊಂಡು ಹೊರಟುಹೋದ.

ಕ್ಯಾಮೆರಾವನ್ನು ಮನೆಯಲ್ಲಿಟ್ಟು ಕೋರಮಂಡಲ್‌ನ ಲೈನುಗಳಲ್ಲಿ ಒಂದೊಂದೇ ಬಾಗಿಲು ತಟ್ಟುತ್ತ ಹೋದೆ. ಯಾರಾದರೂ ಬಂದು ಎದುರಿಗೆ ಕ್ಯಾಮೆರಾ ಹಿಡಿದರೆ ಹೆದರಬೇಡಿ, ಮನೆ ಬಿಡಬೇಡಿ. ಇಷ್ಟೇ ಹೇಳಬೇಕಿದ್ದ ಮಾತು. ಬಹಳಷ್ಟು ಬಾಗಿಲು ನನ್ನ ಮುಖ ಕಂಡೊಡನೆ ಮುಚ್ಚಿಕೊಂಡವು. ಆರನೆಯ ದಿನ ಒಂದು ಬೀದಿಯಲ್ಲಿ ಒಬ್ಬಾಕೆ ಮುಚ್ಚಲಿಲ್ಲ. ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳೆದುರಿಗೆ ಮೂರು ಮನೆಗಳ ಬಾಗಿಲು ತೆರೆದೇ ಇದ್ದವು, ಒಳಗೆ ಏನೂ ಇರಲಿಲ್ಲ.

“ಅವರೆಲ್ಲ ಎಲ್ಲಿಗೆ ಹೋದರು?”

“ಮೊನ್ನೆ ಓದ್ರು. ನಿಮ್ಮ ಕಡೆಯೋನೇ ಬಂದಿದ್ದ, ಎರಡು ದಿನ ಕ್ಯಾಮ್ರಾ ಇಡ್ಕೊಂಡು ನಿಂತ್ಕೊಂಡ. ಸಣ್ಣ ಮಕ್ಕಳಿದ್ದ ಮನೆ, ಪಾಪ, ತಡೀಲಿಲ್ಲ.”

ನಾನು ಅವಳ ಪಕ್ಕದಲ್ಲಿ ಕೂತೆ. ಅವನು ನನ್ನ ಕಡೆಯವನಲ್ಲ ಎಂದು ಹೇಳಿದೆ. ಆ ಗೋಡೆಗಳು ಗಟ್ಟಿ ಇವೆ ಎಂದು ಹೇಳಿದೆ. ಫ್ಲೆಕ್ಸು ಯಾಕೆ ಬಂತು, ಕೊನೆಯ ಮನೆ ಯಾಕೆ ಬಿತ್ತು, ನಾನು ಏನು ಮಾಡಿದೆ, ಯಾಕೆ ಮಾಡಬಾರದಿತ್ತು, ಒಂದನ್ನೂ ಬಿಡದೆ, ಕ್ರಮವಾಗಿ, ಇಷ್ಟು ವರ್ಷಗಳಲ್ಲಿ ನಾನು ಯಾವ ವೇದಿಕೆಯಲ್ಲೂ ಮಾತಾಡದಷ್ಟು ಸ್ಪಷ್ಟವಾಗಿ ಹೇಳಿದೆ. ಅವಳು ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಕೊನೆಯವರೆಗೂ ಕೇಳಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಆಯ್ತಮ್ಮಾ,” ಎಂದಳು. “ನಮ್ಮನೆ ಯಾವಾಗ?”